ಚಿತ್ರದುರ್ಗದ ಹೆದ್ದಾರಿ ಬದಿಗೆ ಎಂಥ ಸ್ವಾಗತ ಶಿಲ್ಪ ಚೆನ್ನ?

ಊರಿಗೆ ಬರುವವರ ಸ್ವಾಗತಕ್ಕೆ ಓಬವ್ವನ ಪ್ರತಿಮೆಯನ್ನೇ ಇನ್ನೂ ಎತ್ತರವಾಗಿ ಮಾಡಿ ಹೆದ್ದಾರಿ ಬದಿಗೆ ನಿಲ್ಲಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ಅನ್ನಿಸುತ್ತದೆ. ನಾನು ದುರ್ಗದವನೇ. ದೊಡ್ಡ ಪ್ರತಿಮೆಗಳ ಒಳಗಿನ ಕಬ್ಬಿಣದ ಚೌಕಟ್ಟು ವಿನ್ಯಾಸ ಮಾಡುವುದು ನನ್ನ ಕೆಲಸ.

ಜಿಲ್ಲಾಧಿಕಾರಿ ಕಚೇರಿ ಮುಂದೆ ಅಶೋಕ್ ಗುಡಿಗಾರ್ ಮಾಡಿದ ಓಬವ್ವ ಇದ್ದಾಳೆ. ಅದು ನಿಂತು ನೋಡುವಂಥದ್ದು. ಹೆದ್ದಾರಿಯಲ್ಲಿ ಯಾರು ನಿಲ್ಲುತ್ತಾರೆ? ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. 200 ಮೀಟರ್ ದೂರದಿಂದಲೇ ಕಂಡರೂ ಒಂಬತ್ತು ಸೆಕೆಂಡಿಗೆ ದಾಟಿರುತ್ತೀರಿ. ಅಷ್ಟರಲ್ಲಿ ಮುಖದ ಭಾವ, ಸೀರೆಯ ನೆರಿಗೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಒಟ್ಟು ಆಕಾರ ಮಾತ್ರ ಉಳಿಯುತ್ತದೆ. ಇನ್ನು ಎತ್ತರದ ಮಾತು. ಬೆಂಗಳೂರು ವಿಮಾನ ನಿಲ್ದಾಣದ 108 ಅಡಿಯ ಕೆಂಪೇಗೌಡರು ಬಯಲಿನಲ್ಲಿ ಎದ್ದು ಕಾಣುತ್ತಾರೆ. ನಮ್ಮ ಬಂಡೆಬೆಟ್ಟಗಳ ಮುಂದೆ ಏನು ನಿಲ್ಲಿಸಿದರೂ ಚಿಕ್ಕದೇ.

ಕೋಟೆ ಬಾಗಿಲುಗಳನ್ನು ನೆನಪಿಸಿಕೊಳ್ಳಿ. ಎದುರಿಗೆ ಬರೀ ಗೋಡೆ. ಪಕ್ಕಕ್ಕೆ ತಿರುಗಿದ ಮೇಲೆ ದಾರಿ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದು ಅಂತ ಹಾಗೆ ಕಟ್ಟುತ್ತಿದ್ದರು. ಇದನ್ನೇ ಶಿಲ್ಪವಾಗಿಸಿ ಅನ್ನುತ್ತೇನೆ. ಕಲ್ಲಿನ ಎರಡು ಗೋಡೆ, ಒಂದು ಮುಂದೆ, ಇನ್ನೊಂದು ಸ್ವಲ್ಪ ಹಿಂದೆ. ದೂರದಿಂದ ಬರುವವರಿಗೆ ಒಂದೇ ಗೋಡೆ ಅನ್ನಿಸಬೇಕು. ಗಾಡಿ ಹತ್ತಿರ ಬಂದಂತೆ ನಡುವೆ ಸೀಳು ಬಿಡಬೇಕು, ಆ ಸೀಳಿನಲ್ಲಿ ಕೋಟೆ ಬೆಟ್ಟ ಕಾಣಬೇಕು. ಓಬವ್ವನ ಕಿಂಡಿಯೂ ಇದರಲ್ಲೇ ಬಂತು. ಗಾಡಿ ನಿಲ್ಲಿಸಿ ಇಳಿದವರು ಅದರೊಳಗೆ ಒಬ್ಬೊಬ್ಬರಾಗಿ ನಡೆದು ಹೋಗಲಿ. ಹೈದರಾಲಿಯ ಸೈನಿಕರನ್ನು ಒಬ್ಬ ಹೆಣ್ಣುಮಗಳು ಬರೀ ಒನಕೆ ಹಿಡಿದು ಹೇಗೆ ತಡೆದಳು ಅನ್ನುವುದು ಅಲ್ಲಿ ನಿಂತರೆ ಮಕ್ಕಳಿಗೂ ತಿಳಿಯುತ್ತದೆ. ಗಾಲಿಕುರ್ಚಿ ದಾಟಲು 90 ಸೆಂ.ಮೀ. ಅಗಲ ಬೇಕು. ಅದಕ್ಕಿಂತ ಕಿರಿದು ಮಾಡಲೇಬೇಡಿ.

ಫೈಬರ್ ಬೇಡ, ನಮ್ಮ ಬಿಸಿಲಿಗೆ ಬಣ್ಣ ಹೋಗುತ್ತದೆ. ಗ್ರಾನೈಟ್ ಇರುವ ಊರು ನಮ್ಮದು, ಅದನ್ನೇ ಹಾಕಿ.

ಗಾಳಿಯನ್ನು ಮಾತ್ರ ಹಗುರವಾಗಿ ತಗೋಬೇಡಿ. ಸುತ್ತ ಬೆಟ್ಟದ ಮೇಲೆಲ್ಲ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಅಗಲವಾದ ಗೋಡೆ ಗಾಳಿಯನ್ನು ಹಾಯಿಯಂತೆ ಹಿಡಿಯುತ್ತದೆ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಹೆದ್ದಾರಿ ಪಕ್ಕ ಆಂಟನಿ ಗಾರ್ಮ್ಲಿ ಮಾಡಿದ 'ಏಂಜೆಲ್ ಆಫ್ ದಿ ನಾರ್ತ್' ಇದೆ, 1998ರದ್ದು. ಎತ್ತರ 20 ಮೀಟರ್, ರೆಕ್ಕೆಯ ಅಗಲ 54 ಮೀಟರ್. ಉಕ್ಕಿನ ತೂಕ ಸುಮಾರು 200 ಟನ್ ಆದರೆ ಅಡಿಪಾಯಕ್ಕೆ ಹೋದ ಕಾಂಕ್ರೀಟು 600 ಟನ್! ಹಾಗಾಗಿ ಅಡಿಪಾಯದ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಿ.

ಜಾಗದ ವಿಷಯ. ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಲ್ ಮಧ್ಯದ ಯೋಚನೆ ಬಿಡಿ. ಸರ್ವಿಸ್ ರಸ್ತೆಯಿಂದ ಒಳಗೆ ಬರಲು ಆಗುವ, ಹಿಂದೆ ಬೆಟ್ಟ ಕಾಣುವ ಬೇರೆ ಜಾಗ ಹುಡುಕಿ. ಕಲ್ಲು ತರುವ ಮುಂಚೆ ಬಿದಿರು ಕಟ್ಟಿ, ಬಟ್ಟೆ ಎಳೆದು, ನಿಜವಾದ ಅಳತೆಯಲ್ಲೇ ಎರಡು ಗೋಡೆ ನಿಲ್ಲಿಸಿ. ಹಿರಿಯೂರು ಕಡೆಯಿಂದ ಒಮ್ಮೆ ಕಾರಿನಲ್ಲಿ, ಒಮ್ಮೆ ಬಸ್ಸಿನಲ್ಲಿ ಬಂದು ನೋಡಿ. ಬಸ್ಸಿನ ಸೀಟು ಎತ್ತರ, ಅಲ್ಲಿಂದ ಸೀಳು ಬೇರೆಯೇ ಕಾಣುತ್ತದೆ. ಕೋನ ಬದಲಿಸುವುದಿದ್ದರೆ ಆಗಲೇ ಬದಲಿಸಬೇಕು.