ಕಾಗೆಗೆ ಬಂದೂಕು ಯಾಕ್ರೀ?

ಭಾಲ್ಕಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ಪಕ್ಕದ ಮಹಾರಾಷ್ಟ್ರದ ಉದಗೀರದಲ್ಲಿ ಹಕ್ಕಿಜ್ವರಕ್ಕೆ ಕಾಗೆ ಸತ್ತಾಗಿನಿಂದ ನಮಗೆ ನಿದ್ದೆ ಇಲ್ಲ. ಕೋಳಿ ಶೆಡ್ ಪಕ್ಕದ ಬೇವಿನ ಮರ ಕಡಿಸುತ್ತಿದ್ದೇನೆ. ಕಾಗೆಗೆ ಗುಂಡು ಹೊಡೆಯಲು ಸರ್ಕಾರ ಪರವಾನಗಿ ಕೊಡಲಿ. ನೀವು ಬರೆಯಿರಿ.’

ಬರೆಯುತ್ತೇನೆ. ಆದರೆ ಕಾಗೆಯ ಪರವಾಗಿ.

ನಿಮ್ಮ ಭಯ ಸುಳ್ಳಲ್ಲ. 2025ರ ಜನವರಿಯಲ್ಲಿ ಉದಗೀರದ ಕಾಗೆಗಳು ಸತ್ತದ್ದು ಹಕ್ಕಿಜ್ವರದಿಂದಲೇ ಎಂದು ಭೋಪಾಲದ ಪ್ರಯೋಗಾಲಯ ಹೇಳಿತು. ಚಳಿಗಾಲಕ್ಕೆ ಬರುವ ನೀರುಹಕ್ಕಿಗಳು ವೈರಸ್ ತರುತ್ತವೆ, ಅದೂ ನಿಜ. ಒಪ್ಪಿದೆ.

ಆದರೆ ಅದನ್ನು ಶೆಡ್ಡಿನ ಒಳಗೆ ಕರಕೊಂಡು ಹೋಗುವವರು ಯಾರು? ಚಪ್ಪಲಿ ಹಾಕಿಕೊಂಡ ಪ್ರಾಣಿ. 2012ರಲ್ಲಿ ಹೆಸರಘಟ್ಟದಲ್ಲಿ ರೋಗ ಬಂದಾಗ ಸತ್ತ ಟರ್ಕಿ ಕೋಳಿಗಳು ಸರ್ಕಾರಿ ಫಾರ್ಮಿನ ಬೇಲಿಯ ಒಳಗಿನವು. ಅವೇನು ಹೊಲ ತಿರುಗಲು ಹೋಗಿದ್ದವೇ?

ಒಮ್ಮೆ ಯಳ್ಳಮಾಸಿ ಹಬ್ಬದ ಮರುದಿನ ಹುಮನಾಬಾದ್ ಕಡೆಯ ಒಂದು ತತ್ತಿ ಕೋಳಿ ಶೆಡ್ಡಿಗೆ ಹೋಗಿದ್ದೆ. ಬಾಗಿಲಲ್ಲಿ ಕಾಲು ಅದ್ದಲು ಒಂದು ಪ್ಲಾಸ್ಟಿಕ್ ಬುಟ್ಟಿ. ಔಷಧಿ ನೀರು ಯಾವಾಗಲೋ ಒಣಗಿ ನೇರಳೆ ಕಲೆಯಷ್ಟೇ ಉಳಿದಿತ್ತು. ಅದರಲ್ಲಿ ಬೆಕ್ಕು ಮಲಗಿತ್ತು. ಪಕ್ಕದಲ್ಲಿ ಅಂಗಡಿಗಳಿಂದ ವಾಪಸ್ ಬಂದ ರಟ್ಟಿನ ಟ್ರೇಗಳ ರಾಶಿ. ಒಂದನ್ನು ಎತ್ತಿ ನೋಡಿದೆ. ಗುಳಿಯಲ್ಲಿ ಒಡೆದ ತತ್ತಿಯ ಹಳದಿ ಒಣಗಿತ್ತು. ಅದಕ್ಕೆ ಯಾವ ಊರಿನ ಕೋಳಿಯದೋ ಪುಕ್ಕ ಅಂಟಿತ್ತು. ಅದೇ ಟ್ರೇ ಸೀದಾ ಒಳಗೆ ಹೋಯಿತು. ಮಾಲೀಕರು ಮರದ ಕಡೆ ನೋಡುತ್ತ, ‘ಕಾಗಿಗೋಳ ಕಾಟ ಭಾಳ ಆಗ್ಯದ್ರಿ’ ಅಂದರು. ನಾನು ಸುಮ್ನೆ ಚಹಾ ಕುಡಿದು ಬಂದೆ. ನನ್ನ ಕಾಲಲ್ಲೂ ಸಂತೆಯೆಲ್ಲ ತಿರುಗಿದ ಚಪ್ಪಲಿಯೇ ಇತ್ತು, ಸುಳ್ಳೇಕೆ.

ಗುಂಡು ಹೊಡೆದರೆ ಹಿಂಡು ಚದುರಿ ಹತ್ತು ಊರಿಗೆ ಹೋಗುತ್ತದೆ, ಅಷ್ಟೇ. ಮರ ಕಡಿಸುವ ದುಡ್ಡಿಗೆ ಜಾಳಿಗೆ ಹಾಕಿಸಿ. ನೀರಿನ ಟಾಕಿಗೆ ಮುಚ್ಚಳ ಹಾಕಿ. ಶೆಡ್ಡಿಗೇ ಬೇರೆ ಚಪ್ಪಲಿ ಇಡಿ. ತೊಳೆಯಲು ಬರುವ ಪ್ಲಾಸ್ಟಿಕ್ ಟ್ರೇ ತನ್ನಿ. ಕೋಳಿ ದಿಢೀರ್ ಸಾಯತೊಡಗಿದರೆ ಮುಚ್ಚಿಡಬೇಡಿ. ರೋಗ ತಡೆಯಲು ಸರ್ಕಾರ ಕೊಂದ ಕೋಳಿಗೆ ಪರಿಹಾರ ಉಂಟು, ಅದಕ್ಕೂ ಮೊದಲು ಸತ್ತದ್ದಕ್ಕೆ ಇಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆ ಕಡೆ. ರೋಗ ಖಚಿತವಾದರೆ ಸುತ್ತ 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿ.ಮೀ. ತನಕ ನಿಗಾ ಇಡುತ್ತಾರೆ. ಕೊಲ್ಲಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆ ವೃತ್ತದಲ್ಲಿ ಬುಟ್ಟಿ ಕೆಳಗೆ ಐದು ಜವಾರಿ ಕೋಳಿ ಸಾಕಿದ ಮುದುಕಿಯೂ ಇರುತ್ತಾಳೆ. ಅವಳ ಅಂಗಳಕ್ಕೆ ಲಾರಿ ಬಂದಿಲ್ಲ, ಟ್ರೇ ಬಂದಿಲ್ಲ. ಅವಳಿಗೆ ಮುಂಚೆ ಬಂದು ಹೇಳುವವರೂ ಇಲ್ಲ. ನಾನು ಒಂದು ಊರಿನ ದನದ ದವಾಖಾನೆಗೆ ಮೂರು ಸಲ ಹೋದರೂ ಬೀಗವೇ ಕಂಡಿತು. ಯಾರೂ ಅದಕ್ಕೆ ಪತ್ರ ಬರೆಯಲಿಲ್ಲ. ಕಾಗೆಗೆ ಮಾತ್ರ ಪತ್ರ. ಪಿತೃಪಕ್ಷದಲ್ಲಿ ಮಾಳಿಗೆ ಮೇಲೆ ನಿಂತು ‘ಕಾ ಕಾ’ ಎಂದು ಕರೆಯುವವರೂ ನಾವೇ ಅಲ್ವಾ?

ಬೇವಿನ ಮರ ಇನ್ನೂ ನಿಂತಿದ್ದರೆ ಬಿಡಿ ಸ್ವಾಮಿ. ಟ್ರೇ ತೊಳೆಯುವ ಹುಡುಗನಿಗೆ ನೆರಳು ಬೇಕಾಗುತ್ತದೆ.