ಕೆಫ್ಲಾವಿಕ್‌ನಲ್ಲಿ ಕೆಲಸ, ಪಕ್ಕದಲ್ಲೇ ಜ್ವಾಲಾಮುಖಿ

ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿ ಕೆಲಸ ಸಿಕ್ಕಿದೆ, ಅಮ್ಮ ಟಿವಿಯಲ್ಲಿ ಲಾವಾ ನೋಡಿ ಬೇಡವೇ ಬೇಡ ಅಂತಿದ್ದಾರೆ, ಸಿಡಿಯುವ ಮುಂಚೆ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಆದರೆ ನಿಮಗೂ ನನಗೂ ಅಲ್ಲ, ಯಂತ್ರಗಳಿಗೆ.

ಬಂದ ಹೊಸತರಲ್ಲಿ ಎಲ್ಲದಕ್ಕೂ ಬೆಚ್ಚಿ ಬೀಳುತ್ತೀರಿ. ರೇಕ್ಯಾವಿಕ್‌ನಲ್ಲಿ ನಲ್ಲಿಯ ಬಿಸಿನೀರು ಕೊಳೆತ ಮೊಟ್ಟೆ ನಾರುತ್ತದೆ. ಅದು ಯಾವಾಗಲೂ ಹಾಗೇ, ಭೂಮಿಯೊಳಗಿನ ಗಂಧಕದ ವಾಸನೆ. ರಾತ್ರಿ ಶೆಲ್ಫಿನಲ್ಲಿ ಲೋಟಗಳು ಕಿಣಿಕಿಣಿ ಅಂದರೂ ಗಾಬರಿ ಬೇಡ. ಒಂದು ಕಂಪನದಿಂದ ಏನೂ ಹೇಳಲಾಗದು.

ನೋಡಬೇಕಾದ್ದು ಸ್ವಾರ್ತ್ಸೆಂಗಿಯ ನೆಲ, ಅಂದರೆ ಭೂಮಿಯ ಶಾಖದಿಂದ ಕರೆಂಟು, ಬಿಸಿನೀರು ಮಾಡುವ ಸ್ಥಾವರ ಇರುವ ಜಾಗ. ಅದರ ಕೆಳಗೆ ಮ್ಯಾಗ್ಮಾ (ಕರಗಿದ ಕಲ್ಲು) ತುಂಬುತ್ತಾ ಹೋದಂತೆ ನೆಲ ಉಬ್ಬುತ್ತದೆ, ಜಿಪಿಎಸ್ ಅದನ್ನು ಅಳೆಯುತ್ತದೆ. ಸಿಡಿದಾಗ ಇಳಿಯುತ್ತದೆ, ಆಮೇಲೆ ಮತ್ತೆ ಉಬ್ಬಲು ಶುರು. 2023ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ ಒಂಬತ್ತು ಸಲ ಲಾವಾ ಉಕ್ಕಿದೆ. ಹಿಂದಿನ ಸಲದಷ್ಟು ಮ್ಯಾಗ್ಮಾ ತುಂಬಿತು ಅಂತ ಹವಾಮಾನ ಇಲಾಖೆ ಹೇಳಿದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ದಿನಾಂಕ ಮಾತ್ರ ಅವರೂ ಹೇಳುವುದಿಲ್ಲ.

ಕೊನೇ ಗಳಿಗೆಯ ಸೂಚನೆ ಬೇರೆ. ಒಂದೇ ಸಾಲಿನಲ್ಲಿ ಸಣ್ಣ ಸಣ್ಣ ಕಂಪನಗಳು ಒಂದರ ಮೇಲೊಂದು ಬರುತ್ತವೆ, ಸ್ವಾರ್ತ್ಸೆಂಗಿಯ ಬೋರ್‌ವೆಲ್‌ಗಳಲ್ಲಿ ಒತ್ತಡ ಏರುಪೇರಾಗುತ್ತದೆ. 2024ರ ಫೆಬ್ರವರಿ 8ರಂದು ಬೆಳಗ್ಗೆ ಐದೂವರೆಗೆ ಕಂಪನ ಶುರುವಾಗಿ, ಆರು ಗಂಟೆಗೆಲ್ಲಾ ಲಾವಾ ಮೇಲೆ ಬಂದಿತ್ತು. ಸಿಕ್ಕಿದ್ದು ಅರ್ಧ ಗಂಟೆ! ಇನ್ನೊಮ್ಮೆ ಇದಕ್ಕೆ ಪೂರಾ ಉಲ್ಟಾ. 2023ರ ನವೆಂಬರ್ 10ರ ರಾತ್ರಿ ಸ್ವಾರ್ತ್ಸೆಂಗಿ ಹತ್ತಿರದ ಊರು ಗ್ರಿಂಡಾವಿಕ್‌ನ ಸುಮಾರು 3,800 ಜನರನ್ನೂ ಊರು ಬಿಡಿಸಿದರು. ಸಿಡಿದದ್ದು ಡಿಸೆಂಬರ್ 18ಕ್ಕೆ. ನಡುವೆ ಸುಮ್ನೆ ಹೆದರಿಸಿದರು ಅಂತ ಗೊಣಗಿದವರೂ ಇದ್ದರು. ಜನವರಿಯಲ್ಲಿ ಲಾವಾ ಆ ಊರಿನ ಮನೆಗಳನ್ನೇ ಸುಟ್ಟಿತು. ಅಧಿಕಾರಿಗಳು ಹೊರಡಿ ಅಂದರೆ ಹೊರಡಬೇಕು, ಚರ್ಚೆ ಆಮೇಲೆ.

ಕೆಫ್ಲಾವಿಕ್ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಮ್ಮನಿಗೆ ಅದನ್ನೇ ಹೇಳಿ. 2010ರಲ್ಲಿ ಬೂದಿ ಎದ್ದು ಯುರೋಪಿನ ವಿಮಾನಗಳು ನಿಂತವಲ್ಲ, ಅದು ಬೇರೆ ಬೆಟ್ಟ, ಹಿಮದ ಕೆಳಗಿನದು. ಇಲ್ಲಿ ನೆಲ ಸೀಳಿ ಲಾವಾ ಹರಿಯುವುದೇ ಜಾಸ್ತಿ. ಗಾಳಿ ನಿಮ್ಮ ಕಡೆ ತಿರುಗಿದರೆ ಗಂಧಕದ ಹೊಗೆ ಬರುತ್ತದೆ. ಆಗ ಕಿಟಕಿ ಮುಚ್ಚಿ, ಮಕ್ಕಳಿದ್ದರೆ ಹೊರಗೆ ಬಿಡಬೇಡಿ.

ನಿಜವಾದ ತಾಪತ್ರಯ ಚಳಿ. ಮನೆ ಬೆಚ್ಚಗಿಡುವ ಬಿಸಿನೀರು ಬರುವುದೇ ಸ್ವಾರ್ತ್ಸೆಂಗಿಯಿಂದ. ಅದೇ ಫೆಬ್ರವರಿಯಲ್ಲಿ ಲಾವಾ ಪೈಪನ್ನು ಕಡಿದು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲವು ದಿನ ತಣ್ಣಗಿನ ಮನೆಯಲ್ಲಿ ಇರಬೇಕಾಯಿತು. ಎಲ್ಲರೂ ಒಟ್ಟಿಗೆ ಹೀಟರ್ ಹಾಕಿದರೆ ಕರೆಂಟೂ ತಡೆಯುವುದಿಲ್ಲ, ಅಲ್ವಾ? ಅದಕ್ಕೇ ದಪ್ಪ ರಗ್ಗುಗಳು ಇರಲಿ. ಸಣ್ಣ ಹೀಟರ್ ಒಂದು ಇಲ್ಲೇ ತಗೊಳ್ಳಿ, ಊರಿಂದ ಹೊತ್ತು ತರಬೇಡಿ. ನಮ್ಮ ಮೂರು ಕಡ್ಡಿಯ ಪ್ಲಗ್ ಇಲ್ಲಿ ಹಿಡಿಯುವುದಿಲ್ಲ.