ಒಂದೇ ಗುಡ್ಡ, ಎರಡು ಸುದ್ದಿ

ಪ್ರಶ್ನೆ: ಶಿರೂರು ಗುಡ್ಡ ಕುಸಿತದ ಕುರಿತು ಮಲಯಾಳಂ ವಾಹಿನಿಗಳು ಹೇಳಿದ್ದಕ್ಕೂ ನಮ್ಮ ಪತ್ರಿಕೆಗಳು ಬರೆದದ್ದಕ್ಕೂ ಬಹಳ ಅಂತರವಿತ್ತು. ಯಾವುದನ್ನು ನಂಬಬೇಕಿತ್ತು?
– ಓದುಗರೊಬ್ಬರು, ಕಾರವಾರ

ಉತ್ತರ: ಅವರವರ ಓದುಗರು ಯಾರು ಎಂಬುದನ್ನು ಮೊದಲು ಗಮನಿಸಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಕೇರಳದ ಮಾಧ್ಯಮಗಳಿಗೆ ಅದು ಮುಖ್ಯವಾಗಿ ಕೋಳಿಕ್ಕೋಡಿನ ಲಾರಿ ಚಾಲಕರೊಬ್ಬರು ಕಾಣೆಯಾದ ಸುದ್ದಿಯಾಗಿತ್ತು. ಹೀಗಾಗಿ ಶೋಧ ಏಕೆ ನಿಧಾನವಾಗುತ್ತಿದೆ ಎಂಬ ಪ್ರಶ್ನೆ, ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿ ಸಿಗುವವರೆಗೂ ಅಲ್ಲಿ ಆರಲಿಲ್ಲ. ಹೆದ್ದಾರಿ ಬದಿಯ ಚಹಾ ಅಂಗಡಿಯ ಕುಟುಂಬ, ಎದುರು ದಡದ ಉಳುವರೆಯಲ್ಲಿ ನದಿನೀರು ನುಗ್ಗಿ ಹಾನಿಗೊಂಡ ಮನೆಗಳು, ರಸ್ತೆ ಅಗಲಗೊಳಿಸಲು ಗುಡ್ಡ ಕಡಿದ ರೀತಿ, ಇವು ನಮ್ಮ ಜಿಲ್ಲೆಯವರನ್ನು ಹೆಚ್ಚು ಕಾಡಿದ ವಿಷಯಗಳು. ಇವೆರಡರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಒಂದನ್ನೇ ಓದಿದವರಿಗೆ ದುರಂತದ ಅರ್ಧವಷ್ಟೇ ತಿಳಿಯುತ್ತದೆ.

ನಂಬಿಕೆಯ ಪ್ರಶ್ನೆ ಏಳುವುದು ಹೇಳಿಕೆಗಳ ವಿಷಯದಲ್ಲಿ. ಮಣ್ಣಿನಡಿ ಲಾರಿಯ ಸುಳಿವು ಸಿಕ್ಕಿತೆಂಬ ಸುದ್ದಿ ಹಲವು ಬಾರಿ ಬಂತು. ಅದನ್ನು ಹೇಳಿದವರು ಜಿಲ್ಲಾಡಳಿತವೋ, ಶೋಧ ತಂಡವೋ, ಸ್ಥಳದಲ್ಲಿ ನಿಂತ ವರದಿಗಾರರ ಊಹೆಯೋ ಎಂಬುದನ್ನು ವಾಕ್ಯದಲ್ಲೇ ಹುಡುಕಬೇಕು. ಮೂರು ಪತ್ರಿಕೆಗಳಲ್ಲಿ ಒಂದೇ ಸಾಲು ಕಂಡರೆ ಮೂರು ಸಾಕ್ಷಿ ಸಿಕ್ಕವೆಂದು ಭಾವಿಸಬೇಡಿ, ಏಕೆಂದರೆ ಅವೆಲ್ಲ ಒಂದೇ ಸುದ್ದಿಸಂಸ್ಥೆಯ ಪ್ರತಿಯಾಗಿರಬಹುದು (ನಮ್ಮ ಸಂಪಾದಕರು ಇದನ್ನು ಒಪ್ಪಲು ಸ್ವಲ್ಪ ಹಿಂಜರಿಯುತ್ತಾರೆ). ಮೃತರ ಸಂಖ್ಯೆ ದಿನದಿನಕ್ಕೆ ಬದಲಾದದ್ದನ್ನು ಮಾತ್ರ ದೋಷವೆನ್ನಲಾಗದು. ಶವಗಳು ಒಂದೊಂದಾಗಿ ಸಿಗುತ್ತಿದ್ದಾಗ ಮೊದಲ ದಿನದ ಅಂಕಿ ಕೊನೆಯವರೆಗೆ ನಿಲ್ಲುವುದು ಸಾಧ್ಯವಿರಲಿಲ್ಲ.